ಇಂಜಿನ್ ಫ್ರೀ ಆಗುವವರೆಗೆ

ನಮ್ಮ ಭಾವ ಬಲಗೈ ಕಿರುಬೆರಳಿನ ಉಗುರನ್ನು ಉದ್ದಕ್ಕೆ ಬಿಟ್ಟಿದ್ದರು. ಹಳದಿ ತಿರುಗಿದ, ತುದಿ ಕೊಂಚ ಬಾಗಿದ ಉಗುರು. ಕಾರು ಬರುವವರೆಗೆ ಅದು ಕಿವಿ ಕೆರೆದುಕೊಳ್ಳುವುದಕ್ಕಿತ್ತು. ಕಾರು ಬಂದ ಮೇಲೆ ಕರವಸ್ತ್ರದ ತುದಿ ಸುತ್ತಿಸಿಕೊಂಡು ಬಾಗಿಲಸಂದಿಯ ದೂಳು ತೆಗೆಯುವ ಕೆಲಸಕ್ಕೆ ಬಡ್ತಿ ಪಡೆಯಿತು. ತೆಗೆದ ದೂಳನ್ನು ಬೆಳಕಿಗೆ ಹಿಡಿದು ನೋಡಿ ಅಕ್ಕನಿಗೂ ತೋರಿಸುತ್ತಿದ್ದರು, ಅವಳೇ ತಂದು ತುಂಬಿದ್ದಾಳೇನೋ ಎನ್ನುವ ಹಾಗೆ.

ಭಾವ ಎಂದರೆ ನನ್ನ ಅಕ್ಕನ ಗಂಡ, ಭದ್ರಾವತಿಯವರು. ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಕಾರ್ಖಾನೆ ಎಂದ ತಕ್ಷಣ ಸುತ್ತಿಗೆ, ಬೆಂಕಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಅವರು ಕೂತಿದ್ದು ಟೈಮ್ ಆಫೀಸಿನಲ್ಲಿ. ಯಾರು ಎಷ್ಟು ತಡವಾಗಿ ಬಂದರು ಎಂದು ನೋಡುವ ಕೆಲಸ. ಯಂತ್ರದ ಸದ್ದು ಕಿಟಕಿಯಾಚೆಯಿಂದ ಕೇಳಿದ್ದಷ್ಟೇ. ಆದರೂ ಇಂಜಿನ್ ಮಾತು ಬಂದರೆ ಅವರ ಮುಂದೆ ಯಾರೂ ಬಾಯಿ ಬಿಡುವ ಹಾಗಿರಲಿಲ್ಲ. “ಜೀವಮಾನವೆಲ್ಲ ಮಿಷನ್ ಮಧ್ಯೆ ಕಳೆದವನು ನಾನು. ನಂಗೆ ಹೇಳ್ಕೊಡ್ಬೇಡ ಮಾರಾಯ್ತಿ” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಕಾರು ಬೇಕೆಂದು ಭಾವನಿಗೆ ಅನ್ನಿಸಿದ್ದು ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಇದೆ ಎಂದು. ಅಕ್ಕ ಹೂಂ ಅಂದದ್ದು ಬೇರೆ ಕಾರಣಕ್ಕೆ. ನಮ್ಮಮ್ಮ ಹೊಳೆಹೊನ್ನೂರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಮಂಡಿ ಹಿಡಿದುಕೊಂಡು ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಅಕ್ಕ ಕಟ್ಟಿಸಿದ ಹೊಸ ಮನೆಯನ್ನು ಅವಳು ನೋಡಿರಲೇ ಇಲ್ಲ. ಅಮ್ಮನನ್ನು ಕರೆತಂದು ನಾಲ್ಕು ದಿನ ಇಟ್ಟುಕೊಳ್ಳಬೇಕು, ಅಷ್ಟೇ ಅಕ್ಕನ ಆಸೆ. ಕಾರು ಬಂದ ಮೇಲೂ ಅದು ಆಗದಿದ್ದಾಗ ಬಾಡಿಗೆ ಕಾರು ಮಾಡುತ್ತೇನೆ ಎಂದು ನಾನು ಹೇಳಿದರೆ ಅಮ್ಮನೇ ಒಪ್ಪಲಿಲ್ಲ. “ಮಗಳ ಮನೇಲಿ ಕಾರಿರುವಾಗ ಬಾಡಿಗೆ ಕಾರಲ್ಲಿ ಹೋಗಿ ಇಳೀಲಾ? ನೋಡಿದೋರು ಏನಂತಾರೆ?”

ಆದರೆ ಕಾರು ಹೊಸದು. ಮೊದಲ ಸಾವಿರ ಕಿಲೋಮೀಟರ್ ಹುಷಾರಾಗಿ ಓಡಿಸಬೇಕು, ಇಂಜಿನ್ ಫ್ರೀ ಆಗುವವರೆಗೆ ದೂರ ಹೋಗಬಾರದು, ಭಾರ ಹೇರಬಾರದು ಎಂಬುದು ಭಾವನ ಶಾಸನ. ದೂರ ಹೋಗದೆ ಸಾವಿರ ಕಿಲೋಮೀಟರ್ ಆಗುವುದು ಹೇಗೆ ಎಂದು ಕೇಳಿದರೆ ನನಗೆ ತಾಂತ್ರಿಕ ಜ್ಞಾನವಿಲ್ಲ. ಅವರ ಜ್ಞಾನದ ಪ್ರಕಾರ ದಿನಾ ಬೆಳಿಗ್ಗೆ ಕಾರನ್ನು ನಿಂತಲ್ಲೇ ಚಾಲೂ ಮಾಡಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದಬೇಕಿತ್ತು. ಹೊಗೆಯೆಲ್ಲ ಪಕ್ಕದ ಮನೆಯ ಅಡುಗೆಮನೆಗೆ. ಅಲ್ಲಿನ ತಮಿಳು ಅಜ್ಜಿ ಒಂದು ದಿನ ಕಾಂಪೌಂಡಿನ ಮೇಲಿಂದ ಇಣುಕಿ, “ಏನು ಸಾರ್, ದಿನಾ ಕೆಮ್ಮುತ್ತಲ್ಲ, ಡಾಕ್ಟರಿಗೆ ತೋರಿಸಿದ್ರಾ?” ಎಂದು ಕೇಳಿದರಂತೆ. ಭಾವ ಅದನ್ನು ನಿಜವಾದ ಪ್ರಶ್ನೆ ಎಂದುಕೊಂಡು ಇಂಜಿನ್ನಿನ ಬಗ್ಗೆ ಅರ್ಧ ಗಂಟೆ ವಿವರಿಸಿದರು.

ನಾನಿರುವುದು ಶಿವಮೊಗ್ಗದ ಗೋಪಾಳದಲ್ಲಿ. ಒಮ್ಮೆ ಶಾಸನ ಕೊಂಚ ಸಡಿಲಿಸಿ ಅಕ್ಕ ಭಾವ ಇಬ್ಬರೂ ಗಾಂಧಿ ಬಜಾರಿನಲ್ಲಿ ಸೀರೆ ತೆಗೆಯಲು ಬಂದರು. ಭದ್ರಾವತಿಯಿಂದ ಅಷ್ಟು ದೂರವನ್ನು ಲಗೇಜ್ ಆಟೋಗಳಿಗೂ ದಾರಿ ಬಿಟ್ಟುಕೊಂಡು ಬಂದಿದ್ದರು. ಬಿಸಿಲಲ್ಲಿ ಕಿಟಕಿ ಇಳಿಸಿದರೆ ದೂಳು, ಏಸಿ ಹಾಕಿದರೆ ಇಂಜಿನ್ನಿಗೆ ಭಾರ. ಅಕ್ಕನ ಸೀರೆ ಬೆನ್ನಿಗೆ ಅಂಟಿತ್ತು. ಬಜಾರಿನ ನೂಕುನುಗ್ಗಲಲ್ಲಿ ಗೀರು ಬೀಳುತ್ತದೆ ಎಂದು ಕಾರನ್ನು ನಮ್ಮ ಮನೆ ಮುಂದೆ ನಿಲ್ಲಿಸಿ, ಇಬ್ಬರೂ ಆಟೋದಲ್ಲಿ ಬಜಾರಿಗೆ ಹೋದರು. ಹೊರಡುವಾಗ ಭಾವ ನನಗೆ, “ಆಗಾಗ ಹೊರಗೆ ಬಂದು ನೋಡ್ತಾ ಇರು, ನಾಯಿ ಟೈರಿಗೆ ಕಾಲೆತ್ತುತ್ತೆ” ಅಂದರು. ನಾನು ಒಳಗೆ ಹೋಗಿ ಮಲಗಿಬಿಟ್ಟೆ. ನಾಯಿ ತನ್ನ ಕೆಲಸ ಮಾಡಿತು, ನನಗೆ ಸಂತೋಷವೇ ಆಯಿತು.

ಅಮ್ಮ ಫೋನಿನಲ್ಲಿ ಪ್ರತಿಸಲ ಕೇಳುತ್ತಿದ್ದಳು, “ಕಾರು ಪಳಗಿತೇನೆ?” ಅವಳಿಗೆ ಎತ್ತುಗಳ ಲೆಕ್ಕ ಗೊತ್ತು. “ಎಂಥಾ ಹೋರಿನೂ ಒಂದು ಬೇಸಾಯದಲ್ಲಿ ಪಳಗುತ್ತಪ್ಪ, ಇದೇನಿದು” ಎಂದು ನಗುತ್ತಿದ್ದಳು.

ಕೊನೆಗೆ ಅಕ್ಕ ಊಟ ಬಿಟ್ಟು ಕೂತ ಮೇಲೆ ಭಾವ ಅವಳನ್ನು ಕರೆದುಕೊಂಡು ಹೊರಟರು. ಆವತ್ತು ನಾನೂ ಹೊಳೆಹೊನ್ನೂರಿಗೆ ಹೋಗಿದ್ದೆ. ಅಮ್ಮ ಬೆಳಿಗ್ಗೆಯೇ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿಸಿಕೊಂಡು ಜಗುಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಂದು ಬಟ್ಟೆಗಂಟು, ಒಂದು ಮೂಟೆ ಹೊಸ ಅಕ್ಕಿ. ಮಗಳ ಹೊಸ ಮನೆಗೆ ಮೊದಲ ಸಲ ಹೋಗುವ ತಾಯಿ ಬರಿಗೈಯಲ್ಲಿ ಹೋಗುತ್ತಾಳೆಯೇ?

ಭಾವ ಇಳಿದು ಮೂಟೆಯನ್ನು ನೋಡಿದರು, ಅಮ್ಮನನ್ನು ನೋಡಿದರು. ಅಮ್ಮ ಸ್ವಲ್ಪ ದಪ್ಪ. ತಲೆ ಕೆರೆದುಕೊಂಡು, “ಎರಡೂ ಆಗಲ್ಲ ಅತ್ತೆ. ಇಂಜಿನ್ ಇನ್ನೂ ಫ್ರೀ ಆಗಿಲ್ಲ. ಲೋಡ್ ಜಾಸ್ತಿ ಆಗುತ್ತೆ” ಅಂದರು.

ಮೂಟೆ ಬಿಟ್ಟು ಬಾ ಎಂದು ನಾವೆಲ್ಲ ಹೇಳಿದೆವು. ಅಮ್ಮ ಒಪ್ಪಲಿಲ್ಲ. ಅಳಿಯನ ಮುಖವನ್ನೇ ನೋಡುತ್ತ, “ಹಂಗಾದ್ರೆ ಅಕ್ಕಿ ತಗೊಂಡು ಹೋಗಿ ಅಳಿಯಂದ್ರೆ. ನಾನು ಮುಂದಿನ ಸಲ ಬರ್ತೀನಿ” ಅಂದಳು. ಛೆ, ನೀವೇ ಬನ್ನಿ ಅತ್ತೆ ಎಂಬ ಒಂದು ಮಾತಿಗೆ ಅವಳು ಕಾದಿದ್ದಳು. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಾಯಿತು, ಒಬ್ಬರನ್ನು ಬಿಟ್ಟು.

“ಅದೇ ಸರಿ” ಎಂದರು ಭಾವ. ಹಿಂದಿನ ಸೀಟಿಗೆ ಪೇಪರ್ ಹಾಸಿ, ಅಣ್ಣನ ಕೈಯಲ್ಲಿ ಮೂಟೆ ಇಡಿಸಿ, ಅದು ಉರುಳದ ಹಾಗೆ ಬೆಲ್ಟು ಕೂಡ ಕಟ್ಟಿದರು. ಅಕ್ಕ ಹತ್ತಲಿಲ್ಲ. ಅವರು ಒಬ್ಬರೇ ಅಕ್ಕಿಯನ್ನು ಕೂರಿಸಿಕೊಂಡು ಹೋದರು. ಅಮ್ಮ ಒಳಗೆ ಹೋಗಿ ಸೀರೆ ಬದಲಾಯಿಸಿದಳು. ನನ್ನ ಭಾವನ ಬಗ್ಗೆ ನನಗಿದ್ದ ತಾತ್ಸಾರ ಆವತ್ತಿನವರೆಗೆ ತಮಾಷೆಯಾಗಿತ್ತು. ಆಮೇಲೆ ಅದರಲ್ಲಿ ತಮಾಷೆ ಉಳಿಯಲಿಲ್ಲ.

ಮುಂದಿನ ಸಲ ಬರಲಿಲ್ಲ. ಆ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಳು. ಸುದ್ದಿ ಬಂದಾಗ ಭಾವ ಕೀಲಿಕೈ ತೆಗೆದುಕೊಂಡು, “ನಡಿ, ಕಾರಲ್ಲೇ ಹೋಗೋಣ. ಈಗ ಫ್ರೀ ಆಗಿದೆ” ಎಂದರಂತೆ. ಅಕ್ಕ ಬಸ್ ಸ್ಟ್ಯಾಂಡಿಗೆ ನಡೆದಳು. ಅವಳು ಬಸ್ಸಿಳಿದು ನೆನೆದುಕೊಂಡು ಬಂದದ್ದನ್ನು ನಾನು ಕಂಡಿದ್ದೇನೆ. ಭಾವ ಆಮೇಲೆ ಬಂದರು. ಹೆಣ ಅಂಗಳದಲ್ಲಿರುವಾಗ ಮರದ ಕೆಳಗೆ ಹಕ್ಕಿ ಹಿಕ್ಕೆ ಬೀಳುತ್ತದೆ ಎಂದು ಕಾರನ್ನು ಎರಡು ಸಲ ಅತ್ತಿತ್ತ ಮಾಡಿದರು.

ಹೋದ ವರ್ಷ ಅವರೂ ಹೋದರು, ಹೃದಯದ ತೊಂದರೆಯಿಂದ. ಮಾತಾಡಿಸಲು ಬಂದವರೆಲ್ಲ ಹೊರಗೆ ನಿಂತು ಕಾರನ್ನು ಹೊಗಳಿದರು. ಒಬ್ಬ ಮನುಷ್ಯನ ಬಗ್ಗೆ ಹೇಳಲು ಜನಕ್ಕೆ ಅಷ್ಟೇ ಸಿಕ್ಕಿತು. ನಾನೂ ಹುಡುಕಿದೆ, ನನಗೆ ಅದೂ ಸಿಗಲಿಲ್ಲ.

ಅಕ್ಕ ಕಾರು ಮಾರಿದಳು. ಕೊಳ್ಳಲು ಬಂದವನು ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟವನು. ವಯಸ್ಸಾದ ತಾಯಿಯನ್ನೂ ಕರೆತಂದಿದ್ದ. ಸುತ್ತಲೂ ಸವರಿ ನೋಡಿ, “ಷೋರೂಮಿಂದ ಈಗ ಇಳಿಸಿದಂಗಿದೆ ಮೇಡಂ” ಎಂದ. ಆಮೇಲೆ ತಾಯಿಗೆ, “ಅಮ್ಮ, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹತ್ತು, ಮಣ್ಣಾಗುತ್ತೆ” ಅಂದ. ಆ ಮುದುಕಿ ಬಾಗಿಲು ಹಿಡಿದು ಕಷ್ಟಪಟ್ಟು ಬಗ್ಗಿದಳು.

ಅಕ್ಕ ಮೆಟ್ಟಿಲಿಳಿದು ಬಂದಳು. “ಬಿಚ್ಚಬೇಡಿ. ಹಾಕ್ಕೊಂಡೇ ಕೂತ್ಕೊಳ್ಳಿ” ಎಂದಳು. ಅವನ ಕಡೆ ತಿರುಗಿ, “ಇವರು ಚಪ್ಪಲಿ ಬಿಚ್ಚಬೇಕು ಅಂದ್ರೆ ನಾನು ಗಾಡಿ ಕೊಡಲ್ಲ” ಎಂದಳು. ಅವಳ ದನಿ ಅಷ್ಟು ಗಟ್ಟಿಯಾಗಿದ್ದನ್ನು ನಾನು ಕೇಳಿರಲಿಲ್ಲ. ಮುದುಕಿಯ ತೋಳು ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿ, ಎರಡೂ ಕಾಲನ್ನು ತಾನೇ ಎತ್ತಿ ಒಳಗಿಟ್ಟಳು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅಕ್ಕ ಗೇಟು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಹೋದಾಗಲೂ ಹಾಗೆ ಅತ್ತವಳಲ್ಲ. ಯಜಮಾನರ ಕಾರು ಹೋಯಿತಲ್ಲ, ಪಾಪ, ಅದಕ್ಕೇ ಅಳುತ್ತಾಳೆ ಎಂದು ಬೀದಿಯವರು ಮಾತಾಡಿಕೊಂಡರು. ಮಾತಾಡಿಕೊಳ್ಳಲಿ.