ಕೆಂಪು ಗೆರೆಯ ಚೀಟಿ

ನನ್ನ ಕೆಲಸ ಏನು ಎಂದು ಕೇಳಿದರೆ ಆಪ್ತಸಮಾಲೋಚಕಿ ಎನ್ನುತ್ತೇನೆ. ಅದು ಕಾಗದದ ಮೇಲಿನ ಹೆಸರು. ಬಸ್ಸಿನ ಕಂಡಕ್ಟರನಿಂದ ಹಿಡಿದು ಆಸ್ಪತ್ರೆ ಎದುರಿನ ಗೂಡಂಗಡಿಯವನವರೆಗೆ ಎಲ್ಲರಿಗೂ ನಾನು ‘ಮಳ್ಳಿನ ಅಕ್ಕೋರು’. ನಮ್ಮ ಕಡೆ ಹುಚ್ಚಿಗೆ ಮಳ್ಳು ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಸಿಟ್ಟು ತೋರಿಸಿದರೆ ಅಕ್ಕೋರಿಗೇ ಹತ್ತಿಕೊಂಡಿತು ನೋಡಿ ಎಂದಾರು ಅಂತ ಆಮೇಲೆ ಸುಮ್ಮನಾದೆ.

ಮಂಗಳವಾರ ಭಟ್ಕಳ, ಗುರುವಾರ ಕುಮಟಾ, ಉಳಿದ ದಿನ ಹೊನ್ನಾವರ. ಮೂರೂ ಊರಿಗೆ ಮನೋವೈದ್ಯರು ಒಬ್ಬರೇ. ಅವರು ಔಷಧಿ ಬರೆಯುತ್ತಿದ್ದರು, ನಾನು ಮಾತಾಡಿಸುತ್ತಿದ್ದೆ. ಮಾತಾಡಿಸುವುದು ಹೇಳಿದಷ್ಟು ಸುಲಭವಲ್ಲ. ಯಾಕೆಂದರೆ ನಮ್ಮಲ್ಲಿ ಯಾರೂ ಒಂಟಿಯಾಗಿ ಬರುವುದಿಲ್ಲ. ಗಂಡ ಬರುತ್ತಾನೆ, ಅತ್ತೆ ಬರುತ್ತಾಳೆ, ಯಾರೂ ಸಿಗದಿದ್ದರೆ ಪಕ್ಕದ ಮನೆಯವಳಾದರೂ ಬರುತ್ತಾಳೆ. ಪ್ರಶ್ನೆ ಇವಳಿಗೆ, ಉತ್ತರ ಅವರದ್ದು. “ನಿದ್ದೆ ಬರ್ತದೇನೇ?” ಎಂದರೆ “ಬರ್ತದೆ ಬರ್ತದೆ, ಬಿದ್ಕಂಡೇ ಇರ್ತದೆ” ಎಂದು ಗಂಡ ಹೇಳಿ ಮುಗಿಸುತ್ತಾನೆ. ಅವರನ್ನು ಹೊರಗೆ ಹೋಗಿ ಎನ್ನುವ ಹಾಗಿಲ್ಲ. ಎಂದರೆ ಅವಮಾನ, ಮುಂದಿನ ತಿಂಗಳು ಕರೆದುಕೊಂಡೇ ಬರುವುದಿಲ್ಲ.

ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಔಷಧಿ ಚೀಟಿಯ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಒಂದು ಸಣ್ಣ ಗೆರೆ ಎಳೆದು, “ಇದಕ್ಕೆ ಕೌಂಟರಿನಲ್ಲಿ ಸೀಲು ಹೊಡೆಸಿಕೊಂಡು ಬನ್ನಿ” ಎಂದು ಜೊತೆಗೆ ಬಂದವರ ಕೈಗೆ ಕೊಡುವುದು. ಕುಮಟಾದ ಕಂಪೌಂಡರ್ ನನ್ನ ಗುಟ್ಟಿನ ಪಾಲುದಾರ. ಗೆರೆ ಕಂಡರೆ ಸೀಲು ಸಿಗಲಿಲ್ಲ ಎನ್ನುತ್ತಿದ್ದ, ಇಂಕು ಒಣಗಿದೆ ಎನ್ನುತ್ತಿದ್ದ, ಏನಾದರೂ ಸುಳ್ಳು ಹೇಳಿ ಕಾಲು ಗಂಟೆ ನಿಲ್ಲಿಸುತ್ತಿದ್ದ. ಆ ಕಾಲು ಗಂಟೆಯಲ್ಲೇ ನನ್ನ ಸಂಬಳದ ಕೆಲಸವೆಲ್ಲ ನಡೆಯುತ್ತಿತ್ತು. ಬಾಗಿಲು ಮುಚ್ಚಿದ್ದೇ ಹೆಂಗಸರ ಬಾಯಿ ತೆರೆಯುತ್ತಿತ್ತು. ನನ್ನ ಈ ಬುದ್ಧಿವಂತಿಕೆಯ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ತದಡಿ ಕಡೆಯಿಂದ ಕುಮಟಾಕ್ಕೆ ಒಂದು ಅತ್ತೆ ಸೊಸೆ ಬರುತ್ತಿದ್ದರು. ಸೊಸೆಗೆ ಇಪ್ಪತ್ತೈದರ ಆಚೀಚೆ. ಹೆರಿಗೆಯಾದ ಮೇಲೆ ಮಂಕು ಹಿಡಿದು, ಒಮ್ಮೆ ಸಾಯಲು ಹೋಗಿ ಉಳಿದವಳು. ಗಂಡ ಗೋವಾದ ಬೋಟಿನಲ್ಲಿ. ಅತ್ತೆ ಅಘನಾಶಿನಿ ಹೊಳೆಯಲ್ಲಿ ಇಳಿತ ನೋಡಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ, ಬುಟ್ಟಿ ಹೊತ್ತು ಮನೆಮನೆಗೆ ಮಾರುವವರು. ಚಿಪ್ಪು ತಾಗಿ ಕೈಯೆಲ್ಲ ಗೀರು, ಧ್ವನಿಯೆಂದರೆ ಆಸ್ಪತ್ರೆಯ ಗೇಟಿನಿಂದಲೇ ಕೇಳಬೇಕು. ಒಳಗೆ ಬಂದವರೇ ಸೊಸೆಯ ಪರವಾಗಿ ಶುರು: “ಇದು ಉಣ್ಣುದಿಲ್ಲ ಅಕ್ಕೋರೆ. ಮಗು ಅತ್ರೆ ಏಳುದಿಲ್ಲ. ಎಂತ ಮಾಡುದು ಹೇಳಿ ನೀವೇ.” ನಾನು ಪೆನ್ನು ತೆಗೆದು ಗೆರೆ ಎಳೆದು ಚೀಟಿ ಕೊಡುತ್ತಿದ್ದೆ. ಮೂರು ವರ್ಷ, ಪ್ರತಿ ತಿಂಗಳು.

ಆ ಹುಡುಗಿಯನ್ನು ಉಳಿಸಿಕೊಳ್ಳಬೇಕು ಎಂಬುದು ನನಗೆ ಹಟವಾಗಿಬಿಟ್ಟಿತ್ತು. ಅವಳಿಗಿಂತ ಮೊದಲು ನನ್ನ ಹತ್ತಿರ ಬರುತ್ತಿದ್ದ ಇಬ್ಬರನ್ನು ಕಳೆದುಕೊಂಡಿದ್ದೆ. ಇನ್ನೊಬ್ಬಳು ಹೋದರೆ ಈ ಕೆಲಸ ಬಿಟ್ಟು ಹಳದೀಪುರದ ನಮ್ಮ ತೋಟದಲ್ಲಿ ತೆಂಗಿನಕಾಯಿ ಹೆಕ್ಕುತ್ತೇನೆ ಎಂದು ಡಾಕ್ಟರಿಗೆ ಹೇಳಿದ್ದೆ. ಅವರು ನಕ್ಕಿದ್ದರು, ನಾನು ನಕ್ಕಿರಲಿಲ್ಲ.

ಅಷ್ಟರಲ್ಲಿ ಕೊರೊನಾ ಬಂತು. ಭಟ್ಕಳದ ರಸ್ತೆಗಳಿಗೆ ಅಡ್ಡ ಬಿದಿರ ಗಳ ಕಟ್ಟಿದರು. ಬಸ್ಸು ನಿಂತಿತು. ಡಾಕ್ಟರನ್ನು ಕೊರೊನಾ ವಾರ್ಡಿಗೆ ಹಾಕಿದರು. ನನಗೆ ಹೊನ್ನಾವರದ ಆಸ್ಪತ್ರೆಯ ಸ್ಟೋರ್ ರೂಮಿನಲ್ಲಿ ಒಂದು ಮೇಜು, ಒಂದು ಫೋನು, ಒಂದು ಪಟ್ಟಿ ಕೊಟ್ಟರು. ಪಟ್ಟಿಯಲ್ಲಿದ್ದವರಿಗೆಲ್ಲ ಫೋನು ಮಾಡಿ ಧೈರ್ಯ ತುಂಬಬೇಕು ಎಂದು ಆದೇಶ. ಧೈರ್ಯವೇನು ಅಕ್ಕಿಯೇ, ಅಳೆದು ಚೀಲಕ್ಕೆ ತುಂಬಲು? ದಿನಕ್ಕೆ ಇಷ್ಟು ಕರೆ ಆಗಲೇಬೇಕು, ಸಂಜೆಯೊಳಗೆ ನಮೂನೆ ಕಳಿಸಲೇಬೇಕು. ನಮೂನೆಯಲ್ಲಿ ಹತ್ತು ಪ್ರಶ್ನೆ: ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಬದುಕು ಸಾಕೆನಿಸುತ್ತದೆಯೇ. ಒಂದು ಮನೆಗೆ ಒಂದು ಸಾಲು.

ಭಟ್ಕಳದಲ್ಲಿ ದುಬೈಯಿಂದ ಬಂದವನೊಬ್ಬ ಮಾಳಿಗೆಯ ಮೇಲೆ ಒಬ್ಬನೇ ಇದ್ದ, ಕೆಳಗೆ ಅವನ ಮನೆಯವರು ಅಡುಗೆ ಮಾಡುವ ಪಾತ್ರೆಯ ಸದ್ದು ಅವನ ಫೋನಿನಲ್ಲಿ ನನಗೂ ಕೇಳುತ್ತಿತ್ತು. ಮಾತು ನಡುವೆ ನಿಲ್ಲಿಸಿ ಅವನು ಅಳುತ್ತಿದ್ದ. ಹೊನ್ನಾವರದ ಒಬ್ಬ ಮೇಷ್ಟ್ರು “ನಿಮಗೆ ಬೇರೆ ಕೆಲಸ ಇಲ್ಲವೇ” ಎಂದು ದಿನಾ ಬೈದು, ದಿನಾ ನನ್ನ ಫೋನಿಗೆ ಕಾಯುತ್ತಿದ್ದರು. ಕೇಳುತ್ತ ಕೇಳುತ್ತ ನನ್ನ ಕಿವಿಗೆ ಜಡ್ಡು ಕಟ್ಟಿತು. ಮಧ್ಯಾಹ್ನದ ಡಬ್ಬಿ ತೆರೆಯದೆ ಸಂಜೆ ಮನೆಗೆ ವಾಪಸು ಒಯ್ಯುತ್ತಿದ್ದೆ. ಎರಡು ದಿನ ಸರಿಯಾಗಿ ನಿದ್ದೆ ಇಲ್ಲದೆ ಕೂತು ಬೇರೆಯವರಿಗೆ ನಿದ್ದೆಯ ಪಾಠ ಹೇಳುತ್ತಿದ್ದೆ. ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳಿದವರು ಒಬ್ಬರೇ, ಅದನ್ನೇ ಈಗ ಹೇಳಬೇಕು.

ತದಡಿಯ ಆ ಮನೆಯಲ್ಲಿ ಇದ್ದದ್ದು ಒಂದೇ ಫೋನು, ಅತ್ತೆಯದ್ದು. ಕಿವಿಗೆ ಹಿಡಿದರೆ ಕೇಳುವುದಿಲ್ಲವಂತೆ, ಸ್ಪೀಕರ್ ಹಾಕಿದರೆ ಮಾತ್ರ ಮಾತು. ಫೋನಿನಲ್ಲಿ ಚೀಟಿ ಕೊಟ್ಟು ಕಳಿಸುವುದು ಹೇಗೆ? ನಾನು ನೇರವಾಗಿಯೇ ಹೇಳತೊಡಗಿದೆ: “ಸೊಸೆಗೆ ಕೊಡಿ. ನೀವು ಸ್ವಲ್ಪ ಅಂಗಳಕ್ಕೆ ಹೋಗಿ.” ಅವರು ಹೋಗುತ್ತಿದ್ದರು. ಸೊಸೆ ತನ್ನ ದುಃಖ ಹೇಳುತ್ತಿದ್ದಳು, ನಾನು ನಮೂನೆ ತುಂಬುತ್ತಿದ್ದೆ. ಒಂದು ದಿನ ಕೊನೆಗೆ ಒಂದು ಮಾತು ಅವಳೇ ಹೇಳಿದಳು: “ಅತ್ತೆ ಈಗ ಮಾರುಕೆ ಹೋಗುದಿಲ್ಲ ಅಕ್ಕೋರೆ. ಬುಟ್ಟಿ ಹೊತ್ಕಂಡು ಹೋದ್ರೆ ಗೇಟು ಹಾಕ್ಕಂತ್ರು. ಜಗಲಿ ಮೇಲೆ ಸುಮ್ನೆ ಕೂತಿರ್ತ್ರು.” ನಾನು ಹೂಂ ಎಂದೆ. ಅದನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ.

ಎರಡನೇ ಅಲೆಯಲ್ಲಿ ಗೋವಾದ ಆಸ್ಪತ್ರೆಯಲ್ಲಿ ಅವಳ ಗಂಡ ತೀರಿಕೊಂಡ. ಅಲ್ಲೇ ಸುಟ್ಟರು. ಮನೆಗೆ ಬಂದದ್ದು ಬೂದಿಯ ಒಂದು ಮಡಕೆ, ಅದೂ ಎಷ್ಟೋ ದಿನದ ಮೇಲೆ. ಸತ್ತವರ ಮನೆಗಳ ಪಟ್ಟಿ ನನ್ನ ಮೇಜಿಗೆ ಬಂದಾಗ ಅದರಲ್ಲಿ ಅವನ ಹೆಸರಿತ್ತು. ಮಾತಾಡಿಸಬೇಕಾದವರು ಎಂಬ ಅಂಕಣದಲ್ಲಿ ಹೆಂಡತಿ ಎಂದಿತ್ತು. ದೇವರೇ, ಈ ಹುಡುಗಿಯನ್ನು ಇನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ ಎಂದು ಕೂತಲ್ಲೇ ಹೆದರಿದೆ. ಪಟ್ಟಿಯಲ್ಲಿದ್ದ ಉಳಿದವರಿಗೆ ಒಂದೊಂದು ಕರೆ, ಅವಳಿಗೆ ಮಾತ್ರ ದಿನಾ ಒಂದು ಎಂದು ನಿಶ್ಚಯಿಸಿದೆ.

ಫೋನು ಎತ್ತುತ್ತಿದ್ದದ್ದು ಅತ್ತೆ. ಆ ದೊಡ್ಡ ಧ್ವನಿ ಎಲ್ಲಿ ಹೋಗಿತ್ತೋ. “ಅಕ್ಕೋರೆ, ನಿಮ್ದು ಊಟ ಆತಾ?” ಎಂದು ಕೇಳುತ್ತಿದ್ದರು. ಮಗ ಸತ್ತು ವಾರವಾಗಿಲ್ಲ, ನನ್ನ ಊಟದ ವಿಚಾರ! “ಆತು. ಸೊಸೆಗೆ ಕೊಡಿ” ಎನ್ನುತ್ತಿದ್ದೆ. ಊಟ ಆಗಿರುತ್ತಿರಲಿಲ್ಲ. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಇದೇ ಕೆಲಸಕ್ಕೆ ತರಬೇತಿ ಪಡೆದವಳು ನಾನು. ಮಾತು ಶುರು ಮಾಡಲು ದಾರಿ ಹುಡುಕುವವರು ಊಟದಿಂದಲೇ ಶುರು ಮಾಡುತ್ತಾರೆ ಎಂದು ಹೊಸಬರಿಗೆ ನಾನೇ ಹೇಳಿಕೊಟ್ಟಿದ್ದೆ.

ಒಂದು ಗುರುವಾರ ಬೆಳಿಗ್ಗೆ ಆ ಫೋನಿನಿಂದ ಎರಡು ಮಿಸ್ಡ್ ಕಾಲ್ ಇತ್ತು. ತಕ್ಷಣ ತಿರುಗಿ ಮಾಡಿದೆ.

“ನಾನೇ ಮಾಡಿದ್ದೆ ಅಕ್ಕೋರೆ,” ಎಂದರು ಅತ್ತೆ.

“ಸೊಸೆಗೆ ಎಂತಾಯ್ತು?”

“ಎಂತ ಆಗ್ಲಿಲ್ಲ. ಮಲಗಿದೆ. ನಂಗೆ ಒಂದು ವಿಷಯ ಕೇಳುದಿತ್ತು.”

“ಮಾತ್ರೆ ತಗೊಳ್ತಾಳಾ?”

“ತಗಳ್ತದೆ. ನಾನೇ ಕೊಡ್ತೆ.”

“ಹಾಗಾದ್ರೆ ಅವಳು ಎದ್ದ ಮೇಲೆ ಫೋನು ಮಾಡಿಸಿ. ನಂಗೆ ಇಲ್ಲಿ ಸಾಲು ಹಿಡಿದು ಕರೆ ಇದೆ.”

“ಆತು ಅಕ್ಕೋರೆ. ಇಡ್ತೆ,” ಎಂದರು.

ಸಂಜೆ ಸೊಸೆ ಮಾತಾಡಿದಳು. ಅವಳ ಧ್ವನಿ ಮೊದಲಿಗಿಂತ ಗಟ್ಟಿಯಾಗಿತ್ತು. ಮಗುವಿಗೆ ಗಂಜಿ ಮಾಡಿ ಉಣ್ಣಿಸಿದೆ ಎಂದಳು. ನಾನು ಮೂರು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ. ಗೆದ್ದೆ ಎಂದುಕೊಂಡೆ.

ಮೂರನೆಯ ದಿನ ಗೊತ್ತಿಲ್ಲದ ನಂಬರಿನಿಂದ ಸೊಸೆಯ ಫೋನು. ಪಕ್ಕದ ಮನೆಯವರದ್ದು. ಅವಳು ಅಳುತ್ತಿದ್ದಳು. ಅತ್ತೆ ಬೆಳಿಗ್ಗೆ ಬುಟ್ಟಿ ತೆಗೆದುಕೊಂಡು ಬಳಚು ತೆಗೆಯಲು ಹೊಳೆಗೆ ಇಳಿದವರು ಬರಲಿಲ್ಲ, ಮಧ್ಯಾಹ್ನ ದೋಣಿಯವರು ಹೆಣ ತಂದರು ಎಂದಳು. ಆ ಕ್ಷಣ ನನಗೆ ಆದದ್ದನ್ನು ಮುಚ್ಚಿಡುವುದಿಲ್ಲ. ಮೊದಲು ಆದದ್ದು ಸಮಾಧಾನ. ಸದ್ಯ, ಇವಳಲ್ಲ. ಅದರ ಹಿಂದೆಯೇ ಗುರುವಾರದ ಆ ಎರಡು ಮಿಸ್ಡ್ ಕಾಲ್ ನೆನಪಾಯಿತು.

ಭರತದ ನೀರು ಏರಿತ್ತು, ಗೊತ್ತಾಗಲಿಲ್ಲ ಎಂದು ಊರವರು ಹೇಳಿದರು, ಪೊಲೀಸರ ಕಾಗದದಲ್ಲೂ ಹಾಗೇ ಬರೆದರು. ಐವತ್ತು ವರ್ಷ ಆ ನೀರಿನ ಏರಿಳಿತ ನೋಡಿಯೇ ಗಂಜಿ ಕುಡಿದವರು. ಮಾರಲು ಒಂದು ಗೇಟೂ ತೆರೆಯದ ಕಾಲದಲ್ಲಿ ಬಳಚು ತೆಗೆದು ಯಾರಿಗೆ ಮಾರಬೇಕಿತ್ತು? ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಅತ್ತೆಗೆ ನಾನು ಒಂದು ಕಾಲು ಗಂಟೆ ಕೊಡಲಿಲ್ಲ. ಹತ್ತು ಪ್ರಶ್ನೆಗಳಲ್ಲಿ ಒಂದನ್ನಾದರೂ ಅವರಿಗೆ ಕೇಳಬಹುದಿತ್ತು. ನಿದ್ದೆ ಬರ್ತದಾ ಎಂದು ಕೇಳಲು ಎಷ್ಟು ಹೊತ್ತು ಬೇಕು? ಆ ಗುರುವಾರದ ನಮೂನೆಯಲ್ಲಿ ಆ ಮನೆಯ ಸಾಲಿನಲ್ಲಿ ‘ಸುಧಾರಿಸಿದ್ದಾರೆ’ ಎಂದು ನನ್ನದೇ ಅಕ್ಷರದಲ್ಲಿದೆ.

ಕುಮಟಾದ ಗುರುವಾರಗಳು ಮತ್ತೆ ಶುರುವಾದಾಗ ಡಾಕ್ಟರು ಬೇರೆ ಕಡೆ ಹೋಗಿದ್ದರು. ವಾರ್ಡಿನಲ್ಲಿ ಕಂಡದ್ದನ್ನು ಅವರು ನನಗೂ ಹೇಳಲಿಲ್ಲ, ಮನಸ್ಸಿನ ಡಾಕ್ಟರಾಗಿದ್ದೂ. ಹೊಸಬರು ಬಂದಿದ್ದರು. ನಾನು ಮತ್ತು ಕಂಪೌಂಡರ್ ಮಾತ್ರ ಹಳಬರು.

ಒಂದು ಗುರುವಾರ ಸೊಸೆ ಬಂದಳು. ಒಬ್ಬಳೇ. ಮಗುವನ್ನು ತವರಿನವರ ಹತ್ತಿರ ಬಿಟ್ಟು ಬಂದಿದ್ದಳು, ಮೀನು ಒಣಗಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅತ್ತೆಯ ಚೀಲವನ್ನೇ ತಂದಿದ್ದಳು. ಅದರಿಂದ ಒಂದು ಪ್ಲಾಸ್ಟಿಕ್ ಕೊಟ್ಟೆ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಹಳೆಯ ಚೀಟಿಗಳು, ಮೂರು ವರ್ಷದ್ದು, ಒಂದೂ ಬಿಡದೆ. ಎಲ್ಲದರ ಮೂಲೆಯಲ್ಲೂ ನನ್ನ ಗೆರೆ.

“ಅತ್ತೆಗೆ ಗೊತ್ತಿತ್ತು ಅಕ್ಕೋರೆ,” ಎಂದಳು. “ಕೆಂಪು ಗೆರೆ ಇದ್ರೆ ಅಲ್ಲಿ ತಡ ಮಾಡ್ತ್ರು ಅಂತ. ಎರಡನೇ ತಿಂಗಳೇ ಗೊತ್ತಾಗಿತ್ತು. ‘ನಾ ಅಲ್ಲಿ ನಿಂತ್ಕಂತೆ, ನೀ ಅಕ್ಕೋರ ಹತ್ರ ಎಲ್ಲ ಹೇಳು, ನನ್ನ ಬೈಯುದಿದ್ರೂ ಬೈಯಿ’ ಅಂದಿದ್ರು. ಒಂದೊಂದು ಸಲ ಸೀಲು ಬೇಗ ಆದ್ರೂ ಬಾಗ್ಲ ಹೊರಗೆ ನಿಂತಿರ್ತಿದ್ರು.”

ನಾನು ಅವರನ್ನು ಏಮಾರಿಸುತ್ತಿದ್ದೇನೆ ಎಂದುಕೊಂಡಿದ್ದೆ.

“ಆ ಗುರುವಾರ ಅವ್ರಿಗೆ ಎಂತ ಕೇಳುದಿತ್ತು?” ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

ಅವಳು ಚೀಟಿಗಳನ್ನು ಮತ್ತೆ ಕೊಟ್ಟೆಗೆ ತುಂಬುತ್ತ ಹೇಳಿದಳು: “‘ಬಸ್ಸು ಬಿಟ್ಟ ಮೇಲೆ ನಂಗೂ ಒಂದು ಚೀಟಿ ಮಾಡಿ ಕೊಡ್ತ್ರಾ’ ಅಂತ. ನಾ ಕೇಳಿ ಕೊಡ್ತೆ ಅಂದಿದ್ದೆ. ‘ಬೇಡ, ನಾನೇ ಕೇಳ್ತೆ’ ಅಂದ್ರು.” ಕೊಟ್ಟೆಯ ಬಾಯಿ ಕಟ್ಟಿ ಹೇಳಿದಳು, “ಒಂದು ಸಲ ನನ್ನ ಹೊರಗೆ ಕಳಿಸಿ ಅವ್ರನ್ನ ಒಳಗೆ ಕೂರ್ಸುದಿತ್ತು ಅಕ್ಕೋರೆ.”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ತಲೆ ಎತ್ತದೆ ಅವಳ ಔಷಧಿ ಬರೆದ ಚೀಟಿ ತೆಗೆದು ನಂಬರು ಹಾಕಿದೆ, ಸಹಿ ಮಾಡಿದೆ, ಅವಳ ಕೈಗೆ ಕೊಟ್ಟೆ. ಅವಳು ಔಷಧಿ ತರಲು ಕೌಂಟರಿಗೆ ಹೋದಳು.

ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು, ಬರಲಿಲ್ಲ. ಬಾಗಿಲಿಗೆ ಬಂದು ನೋಡಿದೆ. ಕಂಪೌಂಡರ್ ಡ್ರಾಯರು ಎಳೆದು ಸೀಲು ಹುಡುಕುತ್ತಿದ್ದ, ಅವಳು ಸುಮ್ಮನೆ ನಿಂತಿದ್ದಳು. ನನ್ನ ಹಾಳಾದ ಕೈ ಅಭ್ಯಾಸಬಲದಿಂದ ಮೂಲೆಯಲ್ಲಿ ಗೆರೆ ಎಳೆದುಬಿಟ್ಟಿತ್ತು. ಕೂಗಿ ಹೇಳದೆ ಒಳಗೆ ಬಂದು ಕೂತೆ. ಬಾಗಿಲು ಮುಚ್ಚಿತ್ತು, ಎದುರಿನ ಕುರ್ಚಿ ಖಾಲಿ ಇತ್ತು, ಆ ಕಾಲು ಗಂಟೆ ನನ್ನ ಕೈಯಲ್ಲಿತ್ತು.