ಟ್ಯಾಂಕಿನ ಉಸಿರು, ಅಕ್ಕನ ಮೂಗು

ಇವತ್ತು ಬೆಳಿಗ್ಗೆ ಅಕ್ಕನ ಚೀಲ ಇಡಲು ಕಾರಿನ ಡಿಕ್ಕಿ ಎತ್ತಿದಾಗ, ಮೂಲೆಯಲ್ಲಿ ಒಂದು ಸುತ್ತು ಹಾಕಿಕೊಂಡಿರುವ ಕಪ್ಪು ಪೈಪು ಕೈಗೆ ತಗುಲಿತು. ನೀವು ನೋಡಿದರೆ ಯಾರೋ ಮರೆತು ಬಿಟ್ಟ ಸಾಮಾನು ಅಂದುಕೊಳ್ಳುತ್ತೀರಿ. ನಾನು ಅದನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡೆ. ನಗಬೇಡಿ, ಕಾರಣ ಹೇಳುತ್ತೇನೆ.

ಕಾರೆಂದರೆ ಅಂತಿಂಥ ಕಾರಲ್ಲ. ಎರಡೇ ಸೀಟು, ತಲೆಯ ಮೇಲೆ ಮಡಚುವ ಬಟ್ಟೆ, ವಯಸ್ಸಿನಲ್ಲಿ ನನಗಿಂತ ಹಿರಿದು. ಮಧುಗಿರಿಯ ಹೈಸ್ಕೂಲ್ ಮೇಷ್ಟ್ರಿಗೆ ಸ್ಪೋರ್ಟ್ಸ್ ಕಾರು ಯಾಕೆ ಅಂತ ಊರೇ ಕೇಳಿತು. ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಉತ್ತರ ಗೊತ್ತಿದ್ದರೆ ಹೇಳುತ್ತಿದ್ದೆ. ಬುಕ್ಕಾಪಟ್ಟಣದ ಕಡೆ ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಅದನ್ನು ನೋಡಿ, "ಇನ್ನರ್ಧ ಎಲ್ ಬುಟ್ಟು ಬಂದೆ ಸಾಮಿ?" ಅಂದಿದ್ದರು.

ಅಕ್ಕನಿಗೆ ಮಾತ್ರ ಆ ಕಾರೆಂದರೆ ಪ್ರಾಣ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಎರಡು ವರ್ಷದ ಹಿಂದೆ ಅವಳಿಗೆ ಕ್ಯಾನ್ಸರ್ ಬಂತು. ಔಷಧಿ ಏರಿಸತೊಡಗಿದ ಮೇಲೆ ಯಾವ ವಾಸನೆಯೂ ಆಗದು. ಸೋಪು ಹತ್ತಿರ ತಂದರೂ ವಾಂತಿ. ಊಟ ಬೇಡ, ಮಾತು ಬೇಡ, ಏನೂ ಬೇಡ. ಅಂಥವಳು ಒಂದು ದಿನ ತಾನಾಗಿ, "ಲೇ, ನಿನ್ ಕಾರ್ನಾಗೆ ನಿಡುಗಲ್‌ಗೆ ಕರ್ಕಂಡೋಯ್ತೀಯೇನ್ಲಾ? ಮ್ಯಾಲಿನ ಬಟ್ಟೆ ತೆಗ್ದು" ಅಂದಳು. ಅವಳು ಮೊದಲು ಅಂಗನವಾಡಿ ಟೀಚರಾಗಿದ್ದ ಊರು ಅದು. ತಿಂಗಳುಗಟ್ಟಲೆ ಆದಮೇಲೆ ಅವಳು ಬೇಕೆಂದದ್ದು ಅದೊಂದೇ. ಅದನ್ನೂ ಈಡೇರಿಸಲಾಗದಿದ್ದರೆ ಅಕ್ಕ ಮತ್ತೆ ಏನನ್ನೂ ಕೇಳುವುದಿಲ್ಲ ಅನ್ನಿಸಿ ನನಗೆ ಭಯವಾಯಿತು.

ತೊಡಕೆಂದರೆ, ಆ ಕಾರಿನ ಸೀಟಿನ ಬೆನ್ನಿಗೇ ಇರುವ ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಒಂದು ಸಣ್ಣ ತೂತು. ಅದರಿಂದ ಹೊರಡುವ ಆವಿ ನೇರ ಸೀಟಿಗೇ ಬರುತ್ತದೆ. ಬುದ್ಧಿವಂತನಾದ ನಾನು, ನಲ್ಲಿ ಸೋರಿದರೆ ಮೆತ್ತುವ ಅಂಟು ತಂದು ತೂತನ್ನು ಮುಚ್ಚಿಬಿಟ್ಟೆ. ಮಕ್ಕಳಿಗೆ ಗಾಳಿಯ ಒತ್ತಡದ ಪಾಠ ಮಾಡುವವನೂ ನಾನೇ. ದಯವಿಟ್ಟು ಯಾರಿಗೂ ಹೇಳಬೇಡಿ. ಅಕ್ಕನನ್ನು ಕೂರಿಸಿಕೊಂಡು ಹೊರಟರೆ, ದೊಡ್ಡೇರಿ ಹತ್ತಿರ ಕಾರು ಕೆಮ್ಮಿ ಕೆಮ್ಮಿ ನಿಂತಿತು.

ಪುಣ್ಯಕ್ಕೆ ಎದುರಿಗೇ ಮೋಟರು, ಬೆಳೆಗೆ ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವ ಶೆಡ್ಡು. ಅದರ ಯಜಮಾನ ಹನುಮಂತರಾಯಪ್ಪನವರು ಬಂದು ಮುಚ್ಚಳ ತಿರುಗಿಸಿದರು. ಟ್ಯಾಂಕು ಸುಯ್ಯೆಂದು ಗಾಳಿ ಎಳೆದುಕೊಂಡಿತು.

"ಉಸ್ರು ಕಟ್ಬುಟ್ಟಿದ್ದೀರಲ್ಲ ಸಾ! ಗಾಳಿ ಒಳೀಕೋಗ್ದಿದ್ರೆ ಪೆಟ್ರೋಲ್ ಹೆಂಗ್ ಈಚಿಗ್ ಬತ್ತದೆ? ಔಷ್ದಿ ಹೊಡಿಯೋ ಕ್ಯಾನಿನ ಮುಚ್ಳದಾಗೂ ಗಾಳಿಗೆ ತೂತು ಬುಟ್ಟಿರ್ತಾರೆ."

ನಾನು ಅಕ್ಕನ ಕಥೆ ಹೇಳಿದೆ. ಅವರು ಮುಚ್ಚಳದ ಅಂಟನ್ನು ಹಾಗೇ ಬಿಟ್ಟು, ಗಾಳಿಗೆ ಬೇರೆ ದಾರಿ ಮಾಡಿದರು. ಟ್ಯಾಂಕಿಗೆ ಪೆಟ್ರೋಲ್ ಹಾಕುವ ಕೊಳವೆಯಂಥ ಕತ್ತನ್ನು ಬಿಚ್ಚಿ ಶೆಡ್ಡಿಗೆ ಒಯ್ದು, ಅದರ ಪಕ್ಕಕ್ಕೆ ಒಂದು ಸಣ್ಣ ನಳಿಕೆ ಬೆಸೆದು ತಂದರು. ಅದಕ್ಕೆ ಪೈಪು ಸಿಕ್ಕಿಸಿ, ಪೆಟ್ರೋಲ್ ಚೆಲ್ಲದಂತೆ ಡಿಕ್ಕಿಯೊಳಗೆ ಎತ್ತರಕ್ಕೆ ಏರಿಸಿ ಸುತ್ತು ಹಾಕಿ, ಕಾರಿನ ಅಡಿಯಿಂದ ಹಿಂದಕ್ಕೆ ಬಿಟ್ಟರು. ಧೂಳು ಹೋಗದಿರಲೆಂದು ತುದಿಗೆ ಜಾಲರಿ. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಆಮೇಲೆ ಅಕ್ಕನ ಮುಂದೆ ನಿಂತರು. "ವಾಸ್ನೆ ಬತ್ತದಾ ಅಂತ ನಂಗೊತ್ತಾಗಕಿಲ್ಲ. ಈ ಕೆಲ್ಸದಾಗೆ ಮೂಗು ಸತ್ತೋಗೈತೆ. ನೀವೇ ಹೇಳ್ಬೇಕು ಕಣಮ್ಮ."

ಅಕ್ಕ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದಳು. "ಎಡಕ್ಕೆ ಒಸಿ ಬತ್ತೈತೆ." ಅವರು ಜೋಡಣೆ ಬಿಗಿ ಮಾಡಿದರು. "ಇನ್ನೂ ಒಸಿ." ಮತ್ತೆ ಬಿಗಿ ಮಾಡಿದರು. ನನ್ನ ಮೂಗಿಗೆ ಆಗಲೇ ಏನೂ ಇರಲಿಲ್ಲ. ಅಷ್ಟು ದಿನ ಅವಳನ್ನು ಗೋಳಾಡಿಸಿದ್ದ ಮೂಗು ಕೊನೆಗೂ ಒಂದು ಕೆಲಸಕ್ಕೆ ಬಂತು. ನಾಲ್ಕನೆಯ ಸಲ "ಈಗಿಲ್ಲ" ಅಂದಳು, ಇನ್‌ಸ್ಪೆಕ್ಟರ್ ಗತ್ತಿನಲ್ಲಿ.

"ಇಂಥ ಮೂಗೊಂದು ನಮ್ ಶೆಡ್ಡಿಗೆ ಬೇಕಾಗಿತ್ತು," ಅಂದರು ಅವರು. ಅಕ್ಕ ನಕ್ಕಳು. ಅವಳ ನಗು ಕೇಳಿ ಎಷ್ಟು ದಿನವಾಗಿತ್ತೋ! ಹನುಮಂತರಾಯಪ್ಪನವರಿಗೆ ನಾನು ಜನ್ಮಪೂರ್ತಿ ಋಣಿ.

ನಿಡುಗಲ್‌ನಲ್ಲಿ ಅವಳ ಹಳೆಯ ಶಿಷ್ಯೆಯೊಬ್ಬಳು "ಬಾಗುನ್ನಾರಾ ಟೀಚರಮ್ಮಾ?" ಎಂದು ತೆಲುಗಿನಲ್ಲಿ ಯೋಗಕ್ಷೇಮ ಕೇಳುತ್ತ ಓಡಿ ಬಂದು ಅಪ್ಪಿಕೊಂಡಳು. ಬೆಟ್ಟ ನೋಡುತ್ತ ಅಕ್ಕ ಅರ್ಧ ಲೋಟ ಮಜ್ಜಿಗೆ ಕುಡಿದಳು, ವಾಂತಿಯಾಗಲಿಲ್ಲ.

ಇವತ್ತು ಮತ್ತೆ ಅಲ್ಲಿಗೇ ಹೊರಟೆವು. ಚಿಕಿತ್ಸೆ ಮುಗಿದು ಬಹಳ ದಿನವಾಗಿದೆ. ಬಂಕಿನಲ್ಲಿ ಟ್ಯಾಂಕು ತುಂಬಿ ತುಳುಕಿ ಅಕ್ಕನ ಬೆನ್ನ ಹಿಂದೆಯೇ ಪೆಟ್ರೋಲ್ ಚೆಲ್ಲಿತು. ಘಾಟಿಗೆ ನನ್ನ ಕಣ್ಣೇ ಉರಿಯಿತು. ಗಾಬರಿಯಿಂದ, "ಅಕ್ಕಾ, ವಾಸ್ನೆ?" ಅಂದೆ.

"ಯಾವ್ ವಾಸ್ನೆ? ನಂಗೇನೂ ಆಯ್ತಿಲ್ವಲ್ಲ," ಅಂದಳು ರಸ್ತೆಯಾಚೆ ನೋಡುತ್ತ. "ಅಲ್ಲಿ ಬೋಂಡ ಕರೀತಾವ್ರೆ ನೋಡು. ಬಿಸೀವು ನಾಲ್ಕು ತಕಂಬಾ ಹೋಗ್ಲಾ, ಹಸಿವಾಯ್ತೈತೆ."