ಲಾಡಿ ಕಟ್ಟಿದ ದುರ್ಬೀನು

ಈಲಿಂಗ್ ರೋಡಿನಲ್ಲಿ, ಜನ ದಾನ ಕೊಟ್ಟ ಹಳೆ ಸಾಮಾನು ಮಾರುವ ಚಾರಿಟಿ ಅಂಗಡಿಯ ಗಾಜಿನ ಹಿಂದೆ ಮೊನ್ನೆ ಒಂದು ದುರ್ಬೀನು ಕಂಡಿತು. ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿಯ ಚೀಲ ಹಿಡಿದು ಬಸ್ಸಿಗೆಂದು ಓಡುತ್ತಿದ್ದವಳು ಅಲ್ಲೇ ನಿಂತೆ. ಕಪ್ಪು ಬಣ್ಣ ಅಲ್ಲಲ್ಲಿ ಕಿತ್ತುಹೋದ ಹಳೆಯ ದುರ್ಬೀನು. ಅಂಥವು ಈ ಊರಿನಲ್ಲಿ ಬೇಕಾದಷ್ಟು ಇರಬಹುದು. ಆದರೆ ಚರ್ಮದ ಪಟ್ಟಿಯ ಬದಲು ಪೈಜಾಮದ ಲಾಡಿ ಕಟ್ಟಿದ ದುರ್ಬೀನು ಇಡೀ ಲಂಡನ್ನಿನಲ್ಲಿ ಒಂದೇ ಇತ್ತು. ಅದು ನಮ್ಮ ಕಟ್ಟಡದ ಮೂರನೇ ಮಹಡಿಯ ಕಾಕಾ ಅವರದು.

ಒಳಗೆ ಹೋಗಿ ಲಾಡಿಯನ್ನು ಮೂಗಿನ ಹತ್ತಿರ ಹಿಡಿದೆ. ಕಾಕಾ ಹಚ್ಚಿಕೊಳ್ಳುತ್ತಿದ್ದ ನೀಲಗಿರಿ ಎಣ್ಣೆಯ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ... ಅಂಗಡಿಯ ಇಂಗ್ಲಿಷ್ ಅಜ್ಜಿ ನನ್ನನ್ನು ಒಂದು ಥರಾ ನೋಡಿದಳು. ನೋಡಲಿ ಬಿಡಿ. ಅನುಮಾನದ ಕಣ್ಣಿಗೆ ನಾನು ಹೆದರುವವಳಲ್ಲ. ಅಂಥ ಕಣ್ಣಿನ ಪಕ್ಕದಲ್ಲೇ ನಿಂತು ಎಷ್ಟೋ ವರ್ಷ ಲಿಫ್ಟಿನಲ್ಲಿ ಓಡಾಡಿದವಳು.

ಕಾಕಾ ಧಾರವಾಡದವರು. ಚಿಕ್ಕ ವಯಸ್ಸಿನಲ್ಲೇ ಇಲ್ಲಿಗೆ ಬಂದು, ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿ, ನಿವೃತ್ತರಾಗಿ, ವೆಂಬ್ಲಿಯ ಈ ಹೊಸ ಫ್ಲ್ಯಾಟುಗಳಿಗೆ ಬಂದಿದ್ದರು. ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಗಳು ಕೆನಡಾದಲ್ಲಿ. ಮನುಷ್ಯ ಒಳ್ಳೆಯವರೇ, ಆದರೆ ಯಾವುದನ್ನೂ ನಂಬುತ್ತಿರಲಿಲ್ಲ. ಹಾಲಿನ ಬಾಟಲಿಯನ್ನು ಅಂಗಡಿಯ ಹಿಂದಿನ ಸಾಲಿಗೆ ಕೈ ಹಾಕಿ ತೆಗೆಯುತ್ತಿದ್ದರು. ಹವಾಮಾನದವರು ಬಿಸಿಲು ಎಂದರೆ ಕೊಡೆ ಹಿಡಿಯುತ್ತಿದ್ದರು. ಯುಗಾದಿ ಊಟದಲ್ಲಿ ಹೋಳಿಗೆ ಎಲೆಗೆ ಬಿದ್ದ ಮೇಲೂ, "ಹೂರಣ ಯಾರು ಮಾಡ್ಯಾರ್ರಿ?" ಎಂದು ವಿಚಾರಿಸಿಯೇ ಮುರಿಯುತ್ತಿದ್ದರು.

ಈ ಗುಣ ನಮ್ಮ ಮಂದಿಗೆ ಬಹಳ ಉಪಯೋಗಕ್ಕೆ ಬಂದಿತ್ತು. ಊರಿನಲ್ಲಿ ಯಾರಾದರೂ ಮಗಳಿಗೆ ಲಂಡನ್ ಹುಡುಗನನ್ನು ನೋಡಿದರೆ, ಹುಡುಗ ಎಜ್‌ವೇರ್‌ನಲ್ಲಿರಲಿ ಕ್ರೋಯ್ಡನ್‌ನಲ್ಲಿರಲಿ, ಮೊದಲ ಫೋನು ಬರುತ್ತಿದ್ದದ್ದು ಕಾಕಾನಿಗೆ. ಅವರು ಫೋಟೋ ನೋಡುತ್ತಿರಲಿಲ್ಲ, ಸಂಬಳ ಕೇಳುತ್ತಿರಲಿಲ್ಲ. ಹುಡುಗ ಬ್ಯಾಡ್ಮಿಂಟನ್ ಆಡುವ ಕಡೆ ಹೋಗಿ ಮೂಲೆಯಲ್ಲಿ ಕೂತುಬಿಡುತ್ತಿದ್ದರು. "ಗೆದ್ದಾಗ ಎಲ್ಲಾರೂ ಛಲೋನ ಇರ್ತಾರ್ರಿ. ಸೋತಾಗ ಮಾರಿ ನೋಡಬೇಕು" ಎನ್ನುತ್ತಿದ್ದರು. ಆಮೇಲೆ ಅಕ್ಕಪಕ್ಕದವರನ್ನು ವಿಚಾರಿಸುವುದು. ಇಲ್ಲಿ ಒಂದು ತೊಡಕಿತ್ತು. ಗಂಡು ವಿಚಾರಿಸಲು ಬಂದವರ ಮುಂದೆ ಹುಡುಗನ ಐಬು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಸಿಗರೇಟು ಸೇದುವವನನ್ನು ಕೂಡ ಚಹಾ ಮುಟ್ಟದವನನ್ನಾಗಿ ಮಾಡಿ ಕಳಿಸುತ್ತೇವೆ. ಕಾಕಾನಿಗೆ ಅದು ಗೊತ್ತಿತ್ತು. ಆದ್ದರಿಂದ ಹೊಗಳಿಕೆ ಜಾಸ್ತಿಯಾದಷ್ಟೂ ಅವರ ಹುಬ್ಬು ಮೇಲೇರುತ್ತಿತ್ತು.

ಭಾನುವಾರ ಬೆಳಿಗ್ಗೆ ಮಾತ್ರ ಅವರು ಎಲ್ಲಿಗೋ ಹೋಗುತ್ತಿದ್ದರು. ಮಡಚುವ ಸ್ಟೂಲು, ಫ್ಲಾಸ್ಕು, ಕೊರಳಿಗೆ ಈ ದುರ್ಬೀನು. ಹಕ್ಕಿ ನೋಡಲು ಹೋಗುತ್ತಾರೆ ಎಂದು ನಮ್ಮವರು. ಕೌನ್ಸಿಲ್ಲಿನ ಕಡೆಯಿಂದ, ಯಾರು ಫ್ಲ್ಯಾಟನ್ನು ಕದ್ದು ಬಾಡಿಗೆಗೆ ಕೊಟ್ಟಿದ್ದಾರೆ ಎಂದು ಪತ್ತೆ ಮಾಡುವವರು ಎಂದು ನಾನು. ಒಮ್ಮೆ ಲಿಫ್ಟಿನಲ್ಲಿ ಕೇಳಿಯೇಬಿಟ್ಟೆ.

"ಅಮೇರಿಕಾದಾಗ ಪರಿಚಯದವರು ಅದಾರ್ರಿ. ಹುಡುಗೂರನ್ನ ನೋಡಿ ಹ್ಯಾಂಗದಾರ ಹೇಳ್ರಿ ಅಂತಾರ. ಹೇಳ್ತೀನಿ."

ಓಹೋ, ವರಾನ್ವೇಷಣೆಯ ಕಾರ್ಬಾರು ಅಮೇರಿಕಾದವರೆಗೂ ಬೆಳೆದಿದೆ ಅಂದುಕೊಂಡೆ. ನಾನೊಬ್ಬಳೇ ಅಲ್ಲ, ಇಡೀ ಕಟ್ಟಡದ ಕನ್ನಡದವರು ಹಾಗೇ ಅಂದುಕೊಂಡಿದ್ದರು.

ನನ್ನ ಮಗನ ವಿಷಯ ಇಲ್ಲಿ ಹೇಳಬೇಕು. ಬಾಗಿಲಿನ ಚೌಕಟ್ಟಿಗೆ ತಲೆ ಬಡಿಯುವಷ್ಟು ಎತ್ತರ, ಅದಕ್ಕೆ ತಕ್ಕ ಮೈ. ಯೂನಿವರ್ಸಿಟಿಗೆ ಹೋದವನು ಅಮೇರಿಕನ್ ಫುಟ್‌ಬಾಲ್ ಹಿಡಿದುಕೊಂಡ. ಹೆಸರಿಗೆ ಫುಟ್‌ಬಾಲ್, ಚೆಂಡನ್ನು ಒದೆಯುವುದಕ್ಕಿಂತ ಎಸೆಯುವುದೇ ಹೆಚ್ಚು. ಎಸೆಯುವವನು ಒಬ್ಬ, ಅವನ ಸುತ್ತ ಗೋಡೆಯ ಹಾಗೆ ನಿಲ್ಲುವ ದಾಂಡಿಗರು. ಆ ಗೋಡೆಯ ಅಂಚಿನಿಂದ ಬಾಗಿ, ನುಗ್ಗಿ, ಚೆಂಡು ಕೈ ಬಿಡುವ ಮೊದಲೇ ಅವನನ್ನು ನೆಲಕ್ಕೆ ಕೆಡವುವುದು ನನ್ನ ಮಗನ ಕೆಲಸ. ಪಾಸ್ ರಶರ್ ಅನ್ನುತ್ತಾರೆ. ಅಮೇರಿಕಾದ ದೊಡ್ಡ ತಂಡಗಳು ವರ್ಷಕ್ಕೊಮ್ಮೆ ಕೂತು, ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವಂತೆ. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಕೊನೆಯ ವರ್ಷದಲ್ಲಿ ಅಂಥ ಒಂದು ತಂಡದ ಕಣ್ಣು ನನ್ನ ಮಗನ ಮೇಲೆ ಬಿತ್ತು. "They'll send someone to watch me, ಅಮ್ಮಾ. ಯಾರು ಅಂತ ಹೇಳಲ್ಲ" ಅಂದ. ಅವನು ಹುಟ್ಟಿದಾಗಿನಿಂದ ನಾನು ಅವನ ಮುಖದಲ್ಲಿ ಅಂಥ ಬೆಳಕು ನೋಡಿರಲಿಲ್ಲ. ಆಗಿಬಿಡಲಿ, ಇವನ ಕೈಗೆ ಇದೊಂದು ಸಿಕ್ಕಿಬಿಡಲಿ ಎಂದು ದೇವರ ಮುಂದೆ ದೀಪ ಹಚ್ಚಿ ಕೇಳಿಕೊಂಡೆ.

ಸರಿಯಾಗಿ ಅದೇ ದಿನಗಳಲ್ಲಿ ಕಾಕಾ ನನ್ನ ಮಗನನ್ನು ವಿಚಾರಿಸಲು ಶುರುಮಾಡಿದರು. ಕ್ಷೌರದ ಅಂಗಡಿಯಲ್ಲಿ ಕೇಳಿದರಂತೆ. ಮಗ ಚಿಕ್ಕವನಿದ್ದಾಗ ಹೋಗುತ್ತಿದ್ದ ಕನ್ನಡ ಶಾಲೆಯ ಮೇಷ್ಟ್ರನ್ನು ಕೇಳಿದರಂತೆ. ಐದನೇ ಮಹಡಿಯ ಕಲಬುರಗಿಯ ಡಾಕ್ಟರಮ್ಮ ಒಂದು ಸಂಜೆ ಓಡುತ್ತಾ ಬಂದು, "ಏನವ್ವಾ, ಯಾರೋ ಹೆಣ್ಣಿನ ಕಡಿಯವ್ರು ನಿನ್ ಮಗನ್ನ ಕೇಳಾಕತ್ತಾರ ಕಾಣ್ತದ! ಕಾಕಾ ನನ್ ಹಂತೇಕ ಬಂದಿದ್ರು. ಹುಡುಗಗ ಆರೋಗ್ಯ ಹ್ಯಾಂಗದ, ಎಲ್ಲಿಯಾರ ಬಿದ್ದಿದ್ನೇನು ಅಂತ ಕೇಳಿದ್ರು" ಅಂದಳು.

"ನೀ ಏನಂದಿ?"

"ಏನಂತೀನಿ? ನೆಗಡಿ ಸುದ್ದಾ ಬಂದಿಲ್ಲ ಅವಗ ಅಂದೆ."

ಅವನು ಬಿದ್ದಿದ್ದ. ಹಾಸ್ಟೆಲ್ಲಿನ ಮೆಟ್ಟಿಲ ಮೇಲಿಂದ ಬಿದ್ದು ಎಡ ಮೊಣಕಾಲು ತಿರುಚಿಕೊಂಡು, ರಜೆಯಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಮೂಳೆ ಡಾಕ್ಟರಾದ ನಮ್ಮ ಅಣ್ಣನ ಹತ್ತಿರವೇ ಆಪರೇಷನ್ ಮಾಡಿಸಿದ್ದೆವು. ಇಲ್ಲಿ ಗೊತ್ತಿದ್ದದ್ದು ನಮ್ಮ ಮನೆಗೆ, ಮತ್ತೆ ಬ್ಯಾಂಡೇಜು ಬಿಚ್ಚಿದ ಈ ಡಾಕ್ಟರಮ್ಮನಿಗೆ. ಕಾಲು ವಾಸಿಯಾಗಿತ್ತು. ನಾಳೆ ಮದುವೆಯ ಮಾತು ಬಂದಾಗ ಕಾಲಿನ ಸುದ್ದಿ ಯಾಕೆ? "ಯಾರ ಮುಂದೂ ಅನಬ್ಯಾಡ" ಎಂದು ಮಗನಿಗೆ ಹೇಳಿಟ್ಟಿದ್ದೆ. ಕಾಕಾ ನನ್ನನ್ನೇ ಲಿಫ್ಟಿನಲ್ಲಿ ಹಿಡಿದು ಕೇಳಿದಾಗ ನಾನೂ ನಗುನಗುತ್ತಾ, "ಅವನ ಕಾಲಿಗೇನಾಗ್ಯದ್ರಿ, ಮೆಟ್ಲಾ ಎರಡೆರಡು ಹಾರ್ತಾನ" ಅಂದೆ. ಕಾಕಾನ ಹುಬ್ಬು ಮೇಲೇರಿತು. ನಾನು ಕಾಲಿನ ಮಾತನ್ನೇ ಯಾಕೆ ಎತ್ತಿದೆನೋ... ಅವರು ಕೇಳಿದ್ದು ಆರೋಗ್ಯದ ಬಗ್ಗೆ ಮಾತ್ರ.

ಮುಂದಿನ ಪಂದ್ಯಕ್ಕೆ ನಾನೂ ಹೋದೆ. ಮೈದಾನದ ಆ ತುದಿಯಲ್ಲಿ ಕಾಕಾ, ಸ್ಟೂಲಿನ ಮೇಲೆ, ಕಣ್ಣಿಗೆ ದುರ್ಬೀನು. ಚೆಂಡು ಹೋದ ಕಡೆ ಎಲ್ಲರ ತಲೆಯೂ ತಿರುಗುತ್ತಿತ್ತು, ಅವರದೊಂದು ತಿರುಗುತ್ತಿರಲಿಲ್ಲ. ಸೋತಾಗ ಮುಖ ನೋಡುವ ಅದೇ ಹಳೆಯ ಚಾಳಿ ಅಂದುಕೊಂಡೆ. ಆಟ ಮುಗಿದ ಮೇಲೆ ಡಬ್ಬಿಯಲ್ಲಿ ತಂದ ಹಚ್ಚಿದ ಅವಲಕ್ಕಿ ಮುಂದೆ ಹಿಡಿದೆ. ಅವಲಕ್ಕಿ ಎಂದರೆ ಪ್ರಾಣ ಬಿಡುವ ಮನುಷ್ಯ, ಕೈ ಹಿಂದಕ್ಕೆ ಕಟ್ಟಿಕೊಂಡು, "ಇವತ್ತ ಬ್ಯಾಡ್ರಿ ಬಾಯಾರ" ಅಂದರು. ಮಾತು ಗಟ್ಟಿಯಾಗುವವರೆಗೆ ಗಂಡಿನ ಮನೆಯಲ್ಲಿ ಬಾಯಿ ಎಂಜಲು ಮಾಡದ ಹೆಣ್ಣಿನ ಕಡೆಯವರು ನಮ್ಮಲ್ಲಿ ಇದ್ದಾರೆ. ನನಗೆ ಆಗ ಸಂದೇಹವೇ ಉಳಿಯಲಿಲ್ಲ. ಎಜ್‌ವೇರ್‌ನ ಮೈಸೂರು ಡಾಕ್ಟರರ ಮಗಳೇ ಇರಬೇಕು ಎಂದು ಮನಸ್ಸಿನಲ್ಲೇ ಸೀರೆ ಆರಿಸುತ್ತಾ ಮನೆಗೆ ಬಂದೆ.

ಡ್ರಾಫ್ಟ್ ಬಂತು. ಮಗ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಸೋಫಾದಲ್ಲಿ ಕೂತಿದ್ದ. ಆರಿಸುವುದು ಪೂರ್ತಿ ಮುಗಿಯಿತು, ಫೋನು ಬರಲಿಲ್ಲ. ಆರಿಸದೆ ಉಳಿದವರನ್ನೂ ಕೆಲವೊಮ್ಮೆ ಕರೆಯುತ್ತಾರಂತೆ, ಆ ಕರೆಯೂ ಬರಲಿಲ್ಲ. ಅವನು ಅಳಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದ.

ಮರುದಿನ ಬೆಳಿಗ್ಗೆ ಕಾಕಾ ಬಾಗಿಲು ತಟ್ಟಿದರು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತರು.

"ಆ ತಂಡದವರು ಕಳಿಸಿದ ಮನಷ್ಯಾ ನಾನ ಬಾಯಾರ. ಕೈಕಾಲು ನೋಡಿ ಹೇಳೋದು ನನ್ನ ಹಳೆ ಕಸಬಲ್ಲ, ಅದಕ್ಕ ನನ್ನ ಕೇಳ್ತಾರ. ಈ ಹುಡುಗ ಬ್ಯಾಡ ಅಂತ ನಾನ ಹೇಳ್ದೆ."

"ನೀವು ಗಂಡು ಕೇಳಾಕ ಬಂದೀರಿ ಅಂತ ತಿಳಿದಿದ್ವಿ..." ಅಂದೆ.

"ಗಂಡು ಅಂದ್ರ ಇವತ್ತ ಹೂಂ ಅಂತೀನಿ. ನನ್ನ ಮಗಳಿಗೇ ತಗೋತಿದ್ದೆ. ಆದ್ರ ಆ ಆಟಕ್ಕ ಬ್ಯಾಡ. ಎಡಗಾಲ ಮ್ಯಾಲೆ ಭಾರ ಹಾಕಿ ಬಾಗಬೇಕಾದಲ್ಲಿ ಅವ ಒಂಚೂರು ಅಂಜತಾನ. ಇಲ್ಲಿ ಹುಡುಗೂರ ಮುಂದ ನಡೀತದ. ಅಲ್ಲಿಯವರು ಆ ಕಾಲನ್ನ ಮುರದು ಕೈಯಾಗ ಕೊಡ್ತಾರ."

ನಾನು ಬಾಯಿಗೆ ಬಂದಂತೆ ಅಂದೆ. ನಮ್ಮವರಾಗಿ ನಮ್ಮ ಹುಡುಗನ ಬಾಯಿಗೆ ಮಣ್ಣು ಹಾಕಿದಿರಿ, ಬೇರೆ ಯಾರ ಮಗನನ್ನೋ ಮುಂದೆ ತಳ್ಳಲು ಏನು ತಿಂದಿದ್ದೀರಿ, ಪರರ ಏಳಿಗೆ ಕಂಡರೆ ನಿಮಗೆ ಹೊಟ್ಟೆಯುರಿ... ಅವರು ಎಲ್ಲವನ್ನೂ ಕೇಳಿಸಿಕೊಂಡು, ತಲೆಯಾಡಿಸಿ, ಮೆಟ್ಟಿಲಿಳಿದು ಹೋದರು. ನಾನು ಬಾಗಿಲನ್ನು ಕಟ್ಟಡಕ್ಕೆಲ್ಲ ಕೇಳುವಂತೆ ಹಾಕಿದೆ.

ಅಂದಿನಿಂದ ಮಾತಿಲ್ಲ. ಅವರಿದ್ದರೆ ನಾನು ಲಿಫ್ಟು ಹತ್ತುತ್ತಿರಲಿಲ್ಲ. ಅವರ ಬಗ್ಗೆ ಯಾರಾದರೂ ಒಳ್ಳೆಯದು ಹೇಳಿದರೆ ನನ್ನ ಅನುಮಾನಗಳನ್ನೆಲ್ಲ ಒಂದೊಂದಾಗಿ ಬಿಚ್ಚಿಡುತ್ತಿದ್ದೆ. ಆ ವರ್ಷ ಇನ್ನಾರನ್ನು ಆರಿಸಿದರು, ಅವನ ಅಪ್ಪನಿಗೂ ಕಾಕಾನಿಗೂ ಏನು ನಂಟು ಎಂದೆಲ್ಲ ಹುಡುಕಿದೆ, ಏನೂ ಸಿಗಲಿಲ್ಲ. ಸಿಗದಿದ್ದದ್ದಕ್ಕೇ ಅನುಮಾನ ಇನ್ನೂ ಗಟ್ಟಿಯಾಯಿತು. ಹೋದ ಚಳಿಗಾಲದಲ್ಲಿ ಅವರು ನಿದ್ದೆಯಲ್ಲೇ ಹೋದರು. ಕೆನಡಾದಿಂದ ಮಗಳು ಬಂದು ಮನೆ ಖಾಲಿ ಮಾಡಿದಳು. ಕೆಳಗೆ ವ್ಯಾನಿಗೆ ಸಾಮಾನು ಹೇರುತ್ತಿದ್ದಾಗ ನಾನು ಕಿಟಕಿಯ ಪರದೆ ಸರಿಸಿ ನೋಡಿದೆ, ಇಳಿದು ಹೋಗಲಿಲ್ಲ.

ದುರ್ಬೀನನ್ನು ಕೊಂಡು ತಂದೆ. ಮಗ ಈಗ ಶಾಲೆಯೊಂದರಲ್ಲಿ ಪಿಟಿ ಮೇಷ್ಟ್ರು, ಭಾನುವಾರ ಹವ್ಯಾಸಕ್ಕೆ ಅದೇ ಆಟ ಆಡುತ್ತಾನೆ. ಈ ಭಾನುವಾರ ನಾನು ಮೈದಾನದ ಆ ತುದಿಗೆ ಹೋಗಿ ನಿಂತೆ, ಕಾಕಾ ಕೂರುತ್ತಿದ್ದ ಕಡೆ. ಲಾಡಿ ಕೊರಳಿಗೆ ಹಾಕಿಕೊಂಡು, ಚೆಂಡನ್ನು ಬಿಟ್ಟು, ಮಗನ ಮುಖವನ್ನೂ ಬಿಟ್ಟು, ಎಡಗಾಲನ್ನಷ್ಟೇ ನೋಡಿದೆ. ಮೊದಲು ಏನೂ ಕಾಣಲಿಲ್ಲ. ಸುಳ್ಳು ಹೇಳಿದ್ದ ಮುದುಕ ಎಂದು ಒಳಗೊಳಗೇ ಖುಷಿಯೂ ಆಯಿತು. ಆಮೇಲೆ ಅವನು ಆ ದಾಂಡಿಗರ ಗೋಡೆಯ ಅಂಚಿನಲ್ಲಿ ಬಾಗಿದ. ಎಡಗಾಲು ನೆಲ ಮುಟ್ಟುವ ಮೊದಲು ಬಿಸಿ ಕಾವಲಿ ಮುಟ್ಟುವ ಬೆರಳಿನ ಹಾಗೆ ಒಂಚೂರು ಹಿಂದೆ ಸರಿಯಿತು. ಮತ್ತೆ ಬಾಗಿದ, ಮತ್ತೆ ಸರಿಯಿತು. ಇಷ್ಟು ವರ್ಷ ಅವನ ಆಟ ನೋಡಿದ್ದೇನೆ, ಇದನ್ನು ನೋಡಿರಲಿಲ್ಲ.

ಕಾರಿನಲ್ಲಿ ಕೇಳಿದೆ. "ಎಡಗಾಲು ನೋಯ್ತದೇನೋ?"

ಅವನು ರಸ್ತೆ ನೋಡುತ್ತಲೇ ಅಂದ. "Always has. ಕಾಕಾ ಕೇಳಿದ್ರು. After that match you came to, ಬಸ್ ಸ್ಟಾಪಲ್ಲಿ. ಮೊಣಕಾಲು ಒತ್ತಿ ನೋಡಿದ್ರು. I told him."

"ನನಗ್ಯಾಕ ಹೇಳಲಿಲ್ಲ?"

"You kept telling everyone ಅವನಿಗೇನೂ ಆಗಿಲ್ಲ ಅಂತ, ಅಮ್ಮಾ. How could I?"

"ಹೋಗಲಿ, ಇಷ್ಟು ವರ್ಷ ನಾನು ಆ ಮನುಷ್ಯಾಗ ಬೈತಿದ್ನೆಲ್ಲಾ, ಅವಾಗರೆ..."

"He made me promise, the day after you shouted at him." ಸಿಗ್ನಲ್ಲಿನಲ್ಲಿ ಕಾರು ನಿಂತಿತು. ನನ್ನ ಮಗ, ಇಡೀ ಜನ್ಮದಲ್ಲಿ ಕನ್ನಡದ ಪ್ರಶ್ನೆಗೆ ಅರ್ಧ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾ ಬಂದವನು, ನನ್ನ ಕಡೆ ತಿರುಗಿ ಅಂದ: "ನಿಮ್ಮವ್ವಗ ಯಾರಿಗರೆ ಬೈಲಿಕ್ಕ ಬೇಕಲ್ಲೋ ತಮ್ಮಾ. ನಿನಗ ಬ್ಯಾಡ, ನನಗ ಬೈಲಿ ಬಿಡು."

ನನ್ನ ಸಮಾಧಾನಕ್ಕೆ ಇವನೇ ಕಟ್ಟಿ ಹೇಳುತ್ತಿದ್ದಾನೆಯೇ ಎಂದು ಆ ಕ್ಷಣದಲ್ಲೂ ಅನುಮಾನ ಬಂತು. ಹುಟ್ಟುಗುಣ, ಏನು ಮಾಡಲಿ. ಆದರೆ ಇವನಿಗೆ ಅಷ್ಟು ಉದ್ದದ ಕನ್ನಡ ಕಟ್ಟಲು ಬರುವುದಿಲ್ಲ. ಅದೂ 'ತಮ್ಮಾ' ಎನ್ನುವ ಕಡೆ ಆ ರಾಗ, ಆ ಎಳೆತ... ಅದು ಧಾರವಾಡದ್ದು, ಮೂರನೇ ಮಹಡಿಯದ್ದು. ಕೇಳಿದ್ದನ್ನು ಇಷ್ಟು ವರ್ಷ ಹಾಗೇ ಬಾಯಲ್ಲಿಟ್ಟುಕೊಂಡಿದ್ದಾನೆ.

ಮನೆಗೆ ಬಂದಾಗ ಲಿಫ್ಟು ಮೂರನೇ ಮಹಡಿಯಲ್ಲಿ ನಿಂತಿತು. ಕಾಕಾನ ಮನೆಯ ಹೊಸ ಬಾಡಿಗೆಯವರು, ಯಾವ ದೇಶದವರೋ, ಹತ್ತಿಕೊಂಡು ನನ್ನ ಕೊರಳಿನ ಲಾಡಿಯನ್ನು ನೋಡಿ ನಕ್ಕರು. ಬಾಗಿಲು ಮುಚ್ಚುವ ಮುಂಚೆ ಅವರ ಬೆನ್ನ ಹಿಂದೆ ಕಾಣುವ ಆ ಮನೆಯ ಬಾಗಿಲ ಕಡೆ ನೋಡಿದೆ. ನನಗೆ ಗಂಟಲ ತನಕ ಬೈಗುಳ ಬಂದಿತ್ತು. ಹೇಳಬಾರದಿತ್ತೇ ಮುದುಕಾ, ಒಂದು ಸಲ ಬಾಯಿ ಬಿಟ್ಟು ಹೇಳಬಾರದಿತ್ತೇ ಎಂದು. ಬೈಯೋಣವೆಂದರೆ ಮೂರನೇ ಮಹಡಿಯಲ್ಲಿ ಈಗ ಬೈಸಿಕೊಳ್ಳುವವರು ಯಾರೂ ಇಲ್ಲ.